ಸುಂಕದ ಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆಯನ್ನು ವಾಚಕಮಹಾಶಯರೆಲ್ಲರೂ ಬಲ್ಲರು. ಉಪಾಧ್ಯಾಯರಾಗಿದ್ದ ಕಾಲದಲ್ಲಿ ನಾವೂ ಅದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟವರೇ. ಈಚೆಗೆ ನಡೆದ ಒಂದು ಸಂಗತಿಯಿಂದ ಆ ಗಾದೆಯ ವಿಷಯದಲ್ಲಿ ನಮಗೆ ಸಂದೇಹವುಂಟಾಗಿದೆ.

ಸುಂಕದ ಮನೆಗೂ ಒಂದು ವಾಸ್ತುಕ್ರಮವುಂಟು. ಶುಲ್ಕಶಾಲೆಯನ್ನು ಪಟ್ಟಣದ ಮಹಾದ್ವಾರದ ಬಳಿಯಲ್ಲಿ, ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿ, ಧ್ವಜಸಹಿತ ನಿಲ್ಲಿಸಬೇಕೆಂದು ಕೌಟಿಲ್ಯನು ವಿಧಿಸಿರುವನು. ವರ್ತಕರು ಯಾರು, ಎಲ್ಲಿಯವರು, ಸರಕೆಷ್ಟು ಎಂಬುದನ್ನು ಅಲ್ಲಿ ನಾಲ್ಕೈದು ಮಂದಿ ಬರೆದುಕೊಳ್ಳಬೇಕು. ಇಂಗ್ಲೆಂಡಿನ ಸೆವರ್ನ್ ನದಿಗೆ 1779ರಲ್ಲಿ ನಿಲ್ಲಿಸಿದ ಎರಕದ ಕಬ್ಬಿಣದ ಸೇತುವೆಯ ತುದಿಯಲ್ಲಿ ಒಂದು ಸುಂಕದ ಮನೆಯಿದೆ. ರಾಜಕುಟುಂಬದವರೂ ಸುಂಕ ತೆರತಕ್ಕದ್ದೆಂದು ಅದರ ಹಲಗೆ ಸಾರುವುದು. 1950ರವರೆಗೆ ಅಲ್ಲಿ ಸುಂಕ ಸಲ್ಲುತ್ತಿತ್ತು. ವೇಲ್ಸಿನ ಹೆದ್ದಾರಿಯಲ್ಲಿ ಟೆಲ್‌ಫರ್ಡನು ಕಟ್ಟಿಸಿದ ಸುಂಕದ ಮನೆಗಳು ಬಹುಕೋನದವು. ಒಳಗೆ ಕುಳಿತವನಿಗೆ ದಾರಿಯ ಎರಡು ದಿಕ್ಕೂ ಕಾಣಬೇಕಷ್ಟೆ. ನಮ್ಮ ನಾಡಿನವರಿಗೆ ಒಂದು ಕಟ್ಟೆಯೇ ಸಾಕಾಗಿದ್ದಿತು. ಬೆಂಗಳೂರಿನ ಮಾಗಡಿ ದಾರಿಯ ಸುಂಕದಕಟ್ಟೆಯ ಹೆಸರೇ ಅದಕ್ಕೆ ಸಾಕ್ಷಿ.

ಇಷ್ಟು ಬಿಗಿಯಾದ ಕೌಟಿಲ್ಯನೇ ವಿವಾಹ, ಪ್ರಸವ, ಉಪನಯನ, ದೇವಪೂಜೆಗಳಿಗೆಂದು ಒಯ್ಯುವ ವಸ್ತುಗಳಿಗೆ ಸುಂಕ ಕೂಡದೆಂದನು. ಎರಡು ತಿಂಗಳು ಮೀರಿದ ಗರ್ಭಿಣಿಯಿಂದ ದೋಣಿಯ ಕೂಲಿ ಕೊಳ್ಳಲಾಗದೆಂಬುದು ಮನುವಿನ ಮಾತು.

ಕಳೆದ ಮಾಘಮಾಸದ ಒಂದು ನಡುರಾತ್ರಿ, ಹೆರಿಗೆಗೆಂದು ನಂದಿದುರ್ಗಕ್ಕೆ ಬಂದಿದ್ದ ನಮ್ಮ ಮಗಳಿಗೆ ಅಕಾಲದಲ್ಲಿ ನೋವು ಕಾಣಿಸಿಕೊಂಡಿತು. ಕಾರಿನಲ್ಲಿ ಬೆಂಗಳೂರಿಗೆ ಹೊರಟೆವು. ಈಗಿನ ಸುಂಕದ ಮನೆಯಲ್ಲಿ ಗಾಜಿಗಂಟಿಸಿದ ಫಾಸ್ಟ್ಯಾಗನ್ನು ಯಂತ್ರವೇ ಓದುವುದು. ನಮ್ಮದರಲ್ಲಿ ಹಣ ಮುಗಿದಿತ್ತು; ಅಡ್ಡಗೋಲು ಏಳಲಿಲ್ಲ. ನಗದಾಗಿ ಕೊಡುವುದಾದರೆ ಇಮ್ಮಡಿ ಕೊಡಬೇಕಾಗಿತ್ತು. ಚೀಲದಲ್ಲಿ ಆಸ್ಪತ್ರೆಯ ಕಾಗದಗಳಿದ್ದುವೇ ಹೊರತು ಹಣವಿರಲಿಲ್ಲ. ಮಗನು ನಡುಗುವ ಕೈಯಿಂದ ಮೊಬೈಲನ್ನು ಒತ್ತುತ್ತಿದ್ದನು. ಹಿಂದಿನ ಆಸನದಲ್ಲಿ ಮಗಳು ನರಳುತ್ತಿದ್ದಳು.

ಗೂಡಿನೊಳಗಿದ್ದ ಹುಡುಗನು ಎದ್ದು ಹೊರಗೆ ಬಂದು ಒಳಗೆ ಇಣಿಕಿದನು. ತನ್ನ ಜೇಬಿನಿಂದ ಹಣ ತೆಗೆದು ಲೆಕ್ಕಕ್ಕೆ ಹಾಕಿ, ಅಡ್ಡಗೋಲನ್ನೆತ್ತಿಸಿದನು. "ತಾತ, ಮೊದಲು ಅಕ್ಕನನ್ನು ಕರೆದುಕೊಂಡು ಹೋಗಿ" ಎಂದನು. ಆಸ್ಪತ್ರೆ ಸೇರಿದ ಅರ್ಧಗಂಟೆಯಲ್ಲಿ ಹೆಣ್ಣುಮಗು ಹುಟ್ಟಿತು. ಇನ್ನಷ್ಟು ತಡವಾಗಿದ್ದರೆ ತಾಯಿಗೆ ಅಪಾಯವಿತ್ತೆಂದು ವೈದ್ಯೆ ಹೇಳಿದರು.

ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದ ವರ್ತಕನು ಬೆಳಗಾಗುವಾಗ ಸುಂಕದ ಗುಡಿಸಲ ಮುಂದೆಯೇ ಬಂದು ನಿಂತನಂತೆ. ಇದನ್ನು ಘಟ್ಟಕುಟೀಪ್ರಭಾತನ್ಯಾಯವೆನ್ನುವರು. ಮೂರನೆಯ ದಿನದ ಬೆಳಗಿನಲ್ಲಿ ನಾವೂ ಅಲ್ಲಿಗೇ ಹೋಗಿ ನಿಂತೆವು. ಆದರೆ ಬೇಕೆಂದೇ ಹೋದೆವು. ಹುಡುಗನು ತನ್ನ ಹಣವನ್ನೆಣಿಸಿಕೊಂಡು, ಹೆಚ್ಚಿಗೆ ಕೊಟ್ಟುದನ್ನು ಹಿಂದಿರುಗಿಸಿ, ಕಲ್ಲುಸಕ್ಕರೆಯನ್ನು ಮಾತ್ರ ಬಾಯಿಗೆ ಹಾಕಿಕೊಂಡನು. ಹಿಂದೆ ಒಂದು ಲಾರಿ ಕೂಗಿತು. ಅವನು ಗೂಡಿಗೆ ಮರಳಿದನು.

ಮೊಮ್ಮಗಳು ಗಾದೆ ಕಲಿಯುವ ವಯಸ್ಸಿಗೆ ಬಂದಾಗ ಈ ಗಾದೆಯನ್ನೂ ಹೇಳಿಕೊಡುವೆವು; ಜೊತೆಗೆ ಈ ಸಂಗತಿಯನ್ನೂ ತಪ್ಪದೆ ಹೇಳುವೆವು.