ಹಳೆ ವೈನಿನ ರುಚಿ, ನಮ್ಮ ದ್ರಾಕ್ಷಿಯ ರೇಟು

ವೈನ್ ಅಂದರೆ ನಮ್ಮ ಊರುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. 'ಅದು ದುಡ್ಡಿದ್ದವರ ಕುಡಿತ' ಎನ್ನುವುದು ಒಂದು. 'ಹಳೆಯದಾದಷ್ಟೂ ರುಚಿ ಜಾಸ್ತಿ' ಎನ್ನುವುದು ಇನ್ನೊಂದು. ಎರಡನೆಯದು ಎಷ್ಟು ನಿಜ ಅಂತ ತಿಳಿಯಲು ನಾವು ಆರು ಜನ ಗೆಳೆಯರು ಒಂದು ಭಾನುವಾರ ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿ ಸೇರಿದೆವು.

ನಾವೆಲ್ಲ ಹಳ್ಳಿಯಿಂದ ಬಂದವರು. ಒಬ್ಬ ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರ ಮಗ. ಒಬ್ಬಳು ಚಿಕ್ಕಬಳ್ಳಾಪುರದವಳು. ಅವಳು ಕುಡಿಯುವುದಿಲ್ಲ, ಅವರ ದೊಡ್ಡಪ್ಪನ ಜಮೀನು ಸಾರಾಯಿಗೆ ಹೋಗಿದೆ. 'ನಾನು ವಾಸನೆ ನೋಡ್ತೀನಿ, ನೀವು ಹೇಳಿದ್ದು ಬರ್ಕೊಳ್ತೀನಿ' ಅಂದಳು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ 2007ರಲ್ಲಿ. ಅದನ್ನು ನೆನಪಿಸಿದವಳೂ ಅವಳೇ.

ಬಿಟಿಎಂ ಲೇಔಟಿನ ಗೆಳೆಯ ಹೋಟೆಲ್ ಕೆಲಸದವನು. ಅವನು ತಂದದ್ದು ಒಂದೇ ಬಗೆಯ ಮೂರು ಕೆಂಪು ವೈನ್. ಮೂರೂ ನಂದಿ ಬೆಟ್ಟದ ಸೀಮೆಯವು. 1988ರಲ್ಲಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಳಿಗಳನ್ನು ನೆಟ್ಟು ತೋಟ ಶುರು ಮಾಡಿದ್ದು ಆ ಕಡೆಯೇ. ಬಾಟಲಿಗಳ ಮೇಲಿನ ವರ್ಷ ಮಾತ್ರ ಬೇರೆ: 2015, 2019, 2022. ಅದು ದ್ರಾಕ್ಷಿ ಕೊಯ್ಲಾದ ವರ್ಷ. ಮೂರನ್ನೂ ಪೇಪರಿನಲ್ಲಿ ಸುತ್ತಿ, ನಂಬರ್ ಹಾಕಿ, ಎರಡೆರಡು ಗುಟುಕು ರುಚಿ ನೋಡಿದೆವು.

ಒಂದನೆಯದು ನೇರಳೆ ಹಣ್ಣಿನ ಬಣ್ಣ. ಬಾಯಿಗಿಟ್ಟರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಎರಡನೆಯದರಲ್ಲಿ ಒಗರು ಇತ್ತು, ಆದರೆ ನಾಲಗೆ ಹಿಡಿಯಲಿಲ್ಲ. ಕಾಳುಮೆಣಸು, ಒಣಹಣ್ಣಿನ ವಾಸನೆ. ಮೂರನೆಯದರ ಅಂಚು ಹೆಂಚಿನ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಗಸಿ ಕೂತಿತ್ತು. ಹುಳಿ ಮೂಗಿಗೆ ಹೊಡೆಯಿತು. ಪೇಪರ್ ಬಿಚ್ಚಿದಾಗ ನಾಲ್ವರು ಮೆಚ್ಚಿದ್ದು 2019ರದ್ದು. ಎಲ್ಲಕ್ಕಿಂತ ಹಳೆಯ 2015ಕ್ಕೆ ಒಂದು ಓಟೂ ಬೀಳಲಿಲ್ಲ.

ಕಾರಣ ಸರಳ. ಕೆಂಪು ವೈನಿನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ವರ್ಷ ಕಳೆದಂತೆ ಆ ಒಗರಿನ ಅಂಶ ಬಣ್ಣದ ಜೊತೆ ಕೂಡಿಕೊಂಡು ಸ್ವಲ್ಪ ಸ್ವಲ್ಪ ತಳ ಸೇರುತ್ತದೆ, ವೈನ್ ಮೆತ್ತಗಾಗುತ್ತದೆ. ಇದಕ್ಕೆ ತಂಪು, ಕತ್ತಲು ಬೇಕು. ಸುಮಾರು 12ರಿಂದ 15 ಡಿಗ್ರಿಯಲ್ಲಿ, ಬಿರಡೆ ಒಣಗದಂತೆ ಬಾಟಲಿ ಮಲಗಿಸಿಡಬೇಕು. ನಮ್ಮ 2015ರ ಬಾಟಲಿ ಬನಶಂಕರಿಯ ಒಂದು ಮನೆಯ ಮೇಲ್ಮಹಡಿಯ ಕಪಾಟಿನಲ್ಲಿ ನೆಟ್ಟಗೆ ನಿಂತು ಬೇಸಿಗೆಗಳನ್ನು ಕಳೆದಿತ್ತು. ಅಲ್ಲದೆ, ಮಾರಾಟವಾಗುವ ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಕುಡಿಯಲೆಂದೇ ಮಾಡಿದ್ದು. ಹಳೆ ಅಕ್ಕಿ ಅನ್ನಕ್ಕೆ ಒಳ್ಳೆಯದು, ಹಳೆ ಶೇಂಗಾ ಕಮಟು. ವಯಸ್ಸೊಂದೇ ಗುಣವಲ್ಲ.

ಅಷ್ಟರಲ್ಲಿ ವಿಜಯಪುರದ ಗೆಳೆಯ ಅಂದ: 'ಬಾಟಲಿಗೆ ಆರೇಳು ವರ್ಷ ಕಾಯೋ ಪುರಸೊತ್ತು ಐತಿ. ನಮ್ಮಪ್ಪಗ ಮೂರು ದಿನ ಕಾಯೋ ಪುರಸೊತ್ತಿಲ್ಲ.'

ಅವನ ಮಾತು ನಮ್ಮನ್ನು ಸುಮ್ಮನಾಗಿಸಿತು. ಕೊಯ್ದ ಹಣ್ಣು ಗಿಡದಡಿ ಕಾಯುವುದಿಲ್ಲ. ಒಣದ್ರಾಕ್ಷಿ ಮಾಡಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ರೇಟಿಗಾಗಿ ಕಾಯಬಹುದು. ಆದರೆ ಅದರ ಬಾಡಿಗೆಯೂ ಏರುತ್ತದೆ, ಸಾಲದ ಬಡ್ಡಿಯೂ ಏರುತ್ತದೆ. ಒಂದು 750 ಮಿ.ಲೀ. ಬಾಟಲಿಗೆ ಹೆಚ್ಚುಕಮ್ಮಿ ಒಂದು ಕೆ.ಜಿ. ಹಣ್ಣು ಸಾಕು. ವರ್ಷ ಕಳೆದಂತೆ ಬಾಟಲಿಯ ಬೆಲೆ ಏರಿದರೂ ಅದರಲ್ಲಿ ಬೆಳೆದವನಿಗೆ ಪಾಲಿಲ್ಲ.

ಅವನ ಮನೆಯಲ್ಲಿ ಈಗ ಎರಡು ಎಕರೆ ಹಳೆ ಬಳ್ಳಿ ಕಿತ್ತು ವೈನ್ ತಳಿ ಹಾಕುವ ಮಾತು ನಡೆದಿದೆ. ಫೋನಿನಲ್ಲಿ ಅಪ್ಪನಿಗೆ ನಮ್ಮ ರುಚಿಯ ಕಥೆಯೆಲ್ಲ ಹೇಳಿದ. ಅವರು ಕೇಳಿದ್ದು ಒಂದೇ: 'ಹಣ್ಣು ಯಾರು ತಗೋತಾರ, ಅದನ್ನ ಬರದು ಕೊಡ್ತಾರೇನು?'

ದ್ರಾಕ್ಷಿ ಬೆಳೆಯುವ ಓದುಗರೇ, ಈ ಪ್ರಶ್ನೆ ನಿಮಗೂ ಬೇಕು. ಒಣದ್ರಾಕ್ಷಿಗೆ ಬೆಳೆಯುವ ಥಾಮ್ಸನ್ ಬೇರೆ, ಕೆಂಪು ವೈನಿನ ಕ್ಯಾಬರ್ನೆ, ಶಿರಾಝ್ ಬೇರೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂ ಹಣ್ಣನ್ನು ತಿನ್ನಬಹುದು, ಜ್ಯೂಸ್ ಮಾಡಬಹುದು, ಸಂತೆಗೆ ಒಯ್ಯಬಹುದು. ವೈನ್ ತಳಿಯ ಸಣ್ಣ ಕಾಳು, ದಪ್ಪ ಸಿಪ್ಪೆ, ತುಂಬಾ ಬೀಜ. ವೈನರಿ ಬೇಡವೆಂದರೆ ಸಂತೆಯಲ್ಲಿ ಅದನ್ನು ಕೇಳುವವರು ಕಡಿಮೆ. ಬಳ್ಳಿ ನೆಟ್ಟು ಸರಿಯಾದ ಫಸಲು ಕಾಣಲು ಮೂರು ವರ್ಷವಾದರೂ ಬೇಕು. ರೇಟು, ತೂಕ, ಸಿಹಿಯ ಅಳತೆ, ಹಣ ಕೊಡುವ ದಿನ, ಇಷ್ಟೂ ಕಾಗದದ ಮೇಲೆ ಬರುವ ತನಕ ಹಳೆ ಬಳ್ಳಿಗೆ ಕೊಡಲಿ ಹಾಕಬೇಡಿ.