ಬಸ್ಸು ಕಲಿಸುವ ಪಾಠ

ಪರಭಾಷೆಯ ನಗರದಲ್ಲಿ ವಾಸಮಾಡುವವರಿಗೆ ಮನೆಯೊಳಗೆ ಯಾವ ಕೊರತೆಯೂ ತೋರದು. ಆಡುವ ಮಾತು ಕನ್ನಡ, ಅಡಿಗೆ ನಮ್ಮದು, ಹಬ್ಬಹುಣ್ಣಿಮೆಗಳೂ ನಮ್ಮವೇ. ಬೀದಿಗಿಳಿದು ಬಸ್ಸಿಗಾಗಿ ನಿಂತಾಗಲೇ ನಾವು ಬೇರೆ ನಾಡಿನಲ್ಲಿರುವೆವೆಂಬ ಅರಿವು ಉಂಟಾಗುವುದು.

ನಮ್ಮ ಚೆನ್ನೈ ನಗರದಲ್ಲಿ ಸಂಚಾರದ ಸೌಕರ್ಯ ಹಳೆಯದು. 1895ರಲ್ಲಿಯೇ ಇಲ್ಲಿ ವಿದ್ಯುತ್ ಟ್ರಾಮು ಓಡಿತು. 1953ರಲ್ಲಿ ಅದು ನಿಂತುಹೋಯಿತು. ಬೀಚ್ ನಿಲ್ದಾಣದಿಂದ ತಾಂಬರಕ್ಕೆ 1931ರಲ್ಲಿ ವಿದ್ಯುತ್ ರೈಲು ಬಂದಿತು. 2015ರಲ್ಲಿ ಮೆಟ್ರೋ ರೈಲು. ಆದರೂ ಬಡವರಿಗೂ ವಿದ್ಯಾರ್ಥಿಗಳಿಗೂ ಬಸ್ಸೇ ಆಪ್ತಬಂಧು. 2021ರಿಂದ ಸಾಧಾರಣ ದರದ ನಗರ ಬಸ್ಸುಗಳಲ್ಲಿ ಹೆಂಗಸರು ಹಣ ಕೊಡಬೇಕಾಗಿಲ್ಲ.

ಹಣ ಬೇಡವಾದರೂ ಅಕ್ಷರ ಬೇಕು. 29ಸಿ ಎಂಬ ಬಸ್ಸು ಪೆರಂಬೂರಿಗೂ ಬೆಸೆಂಟ್ ನಗರಕ್ಕೂ ನಡುವೆ ಓಡುತ್ತದೆ. ಹೋಗುವಾಗಲೂ ಬರುವಾಗಲೂ ಅಂಕಿ ಒಂದೇ. ದಿಕ್ಕನ್ನು ತಿಳಿಸುವುದು ಫಲಕದ ಮೇಲಿನ ಹೆಸರು. ನಮ್ಮ ತಾಯಿಯವರು ಕನ್ನಡವನ್ನು ಸೊಗಸಾಗಿ ಓದಬಲ್ಲರು. ತಮಿಳು, ಇಂಗ್ಲಿಷುಗಳನ್ನು ಓದಲು ಅರಿಯರು. ಆದುದರಿಂದ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕಾದಾಗಲೂ ನಮ್ಮ ರಜೆಯ ದಿನಕ್ಕಾಗಿ ಕಾಯುತ್ತಿದ್ದರು. ನೋವು ರಜೆಯನ್ನು ನೋಡಿಕೊಂಡು ಬರುವುದೇ?

ಒಂದು ಬೇಸಗೆಯಲ್ಲಿ ನಾವು ಅವರಿಗೆ ಹತ್ತು ಸ್ಥಳಗಳ ಹೆಸರನ್ನು ತಮಿಳಿನಲ್ಲಿ ಬರೆದುಕೊಟ್ಟು ಓದಿಸಿದೆವು. ತಮಿಳಿನಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಆ ಕಾರಣ ಅವರು ‘ಗಿಂಡಿ’ಯನ್ನು ‘ಕಿಂಡಿ’ ಎಂದು ಓದಿ, “ಉಡುಪಿಯ ಕನಕನ ಕಿಂಡಿ ಇಲ್ಲಿಗೂ ಬಂದಿತೇ ಮಗು!” ಎಂದು ನಕ್ಕರು. ಆ ಹೆಸರನ್ನು ಅವರು ಮತ್ತೆ ಮರೆಯಲಿಲ್ಲ.

ಅಕ್ಷರಕ್ಕಿಂತಲೂ ಮಾತು ಹತ್ತಿರದ್ದು. ಕಂಡಕ್ಟರರು “ಏರು” ಎಂದರೆ ನಮಗೂ ಅದು ಏರುವುದೇ. “ಉಳ್ಳೇ ಪೋ” ಎಂದರೆ ಒಳಗೆ ಹೋಗು. “ಪತ್ತು ರೂಪಾಯ್” ಎಂದರೆ ಹತ್ತು ರೂಪಾಯಿ. ನಾವಿಂದು ಹೋಗು, ಹತ್ತು, ಹಾಲು ಎನ್ನುವುದನ್ನು ಪಂಪನ ಕಾಲದ ಕನ್ನಡಿಗರು ಪೋಗು, ಪತ್ತು, ಪಾಲ್ ಎನ್ನುತ್ತಿದ್ದರು. ಹಳಗನ್ನಡವು ಕಠಿನವೆಂದು ತರಗತಿಯಲ್ಲಿ ಗೊಣಗುವ ಮಿತ್ರರು ಬಸ್ಸಿನಲ್ಲಿ ತುಸು ಹೊತ್ತು ಕಿವಿಗೊಟ್ಟು ಕುಳಿತರೆ ಆ ‘ಪ’ಕಾರದ ಭಯ ತಾನಾಗಿಯೇ ನೀಗುವುದು.

ನೆರೆಯ ನುಡಿಯನ್ನು ಕಲಿತರೆ ಮನೆಯ ನುಡಿ ಸವೆದೀತೆಂದು ಕೆಲವರು ಅಂಜುವುದುಂಟು. ನಮ್ಮ ಅನುಭವ ಹಾಗಿಲ್ಲ. ತಾಯಿಯವರು ಈಗ ಒಬ್ಬರೇ ವೈದ್ಯರಲ್ಲಿಗೆ ಹೋಗಿಬರುವರು; ಬಂದು, ದಾರಿಯ ವೃತ್ತಾಂತವನ್ನೆಲ್ಲ ಕನ್ನಡದಲ್ಲಿಯೇ ಹೇಳುವರು. ಹಿಂದೆ ಅವರಿಗೆ ಹೇಳಲು ಇಷ್ಟು ಸಂಗತಿಗಳಿರಲಿಲ್ಲ. ಹೀಗಿರಲು ಕನ್ನಡಕ್ಕೆ ಲಾಭವೇ ಹೊರತು ನಷ್ಟವೆಲ್ಲಿ?

ಕಿರಿಯ ಮಿತ್ರರೇ, ನಿಮ್ಮ ಮನೆಯಲ್ಲಿಯೂ ಫಲಕವನ್ನು ಓದಲಾರದೆ ಬಾಗಿಲಲ್ಲೇ ನಿಲ್ಲುವ ಹಿರಿಯರಿರಬಹುದು. ಬರುವ ರಜೆಯಲ್ಲಿ ಅವರಿಗೆ ಹತ್ತು ಹೆಸರುಗಳನ್ನು ಬರೆದುಕೊಡಿರಿ. ಅದಕ್ಕೆ ಬೇಕಾದುದು ಒಂದು ಹಾಳೆ, ಒಂದು ಸಂಜೆ, ಸ್ವಲ್ಪ ತಾಳ್ಮೆ.