ಬಂಡೆಗಳ ನಾಡಿನಲ್ಲಿ ಪರದೇಶದ ಅಡಿಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿಯಲ್ಲಿ ಬಿಡದಿಯನ್ನು ದಾಟಿದ ಮೇಲೆ ನೆಲದ ರೂಪವೇ ಬೇರೆಯಾಗುವುದು. ಇಕ್ಕೆಲಗಳಲ್ಲಿಯೂ ಬೋಳು ಬಂಡೆಗಳು ಆಕಾಶಕ್ಕೆ ತಲೆಯೆತ್ತಿ ನಿಂತಿರುವುವು. ಭೂಗರ್ಭಶಾಸ್ತ್ರಜ್ಞರು ಈ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಲೆಕ್ಕ ಹಾಕಿದ್ದಾರೆ. ಮೈಸೂರು ಸಂಸ್ಥಾನದಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನ ಹೆಸರಿನಿಂದ ಕ್ಲೋಸ್‌ಪೇಟೆಯೆನಿಸಿದ್ದ ಊರೇ ಇಂದಿನ ರಾಮನಗರ. ಊರಿನ ಹಳೆಯ ಹೆಸರು ಮರೆಯಾಯಿತು. ಕಲ್ಲಿನ ಹೆಸರಿನಲ್ಲಿ ಅದು ಉಳಿದುಕೊಂಡಿದೆ.

ರಾಮನಗರವನ್ನು ನಡುವೆ ಇಟ್ಟುಕೊಂಡು ನೋಡಿದರೆ ನೈಋತ್ಯಕ್ಕೆ ಚನ್ನಪಟ್ಟಣ, ಆಗ್ನೇಯಕ್ಕೆ ಕನಕಪುರ, ಉತ್ತರಕ್ಕೆ ಮಾಗಡಿ. ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದುವು; 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಇಡಲಾಯಿತು. ಇಲ್ಲಿಗೆ ಬರುವ ಯಾತ್ರಿಕರು ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡುತ್ತಾರೆ. ರಾಮದೇವರ ಬೆಟ್ಟದ ರಣಹದ್ದುಗಳನ್ನು ಹುಡುಕುತ್ತಾರೆ. ಬಣ್ಣದ ಗೊಂಬೆಗಳನ್ನು ಕೊಳ್ಳುತ್ತಾರೆ. ನಾವು ಈ ಸಲ ಇದೇ ಸೀಮೆಯನ್ನು ಗೃಹಿಣಿಯ ಕಣ್ಣಿನಿಂದ, ಒಂದು ಅಡಿಗೆಯ ನಿಮಿತ್ತವಾಗಿ ಸುತ್ತಿ ಬರೋಣ.

ಆ ಅಡಿಗೆ ಯಾವುದೆಂದರೆ, ದೊಡ್ಡ ನಗರದ ಹೋಟಲುಗಳಲ್ಲಿ ಬಿಳಿಯ ತಟ್ಟೆಯ ಮೇಲೆ ಬರುವ, ಕೆಂಪು ವೈನಿನ ಸಾರಿನಲ್ಲಿ ಬೆಂದ ಕೋಳಿ. ಅದನ್ನು ಒಮ್ಮೆ ರುಚಿ ನೋಡಿದ ಗೃಹಸ್ಥರು, ಇದು ಬಾಣಸಿಗರ ಗುಟ್ಟು, ಮನೆಯ ಒಲೆಗೆ ಒಲಿಯತಕ್ಕದ್ದಲ್ಲವೆಂದು ಕೈಬಿಡುವುದುಂಟು. ಈ ಭಯಕ್ಕೆ ಆಧಾರವಿಲ್ಲ. ಫ್ರಾನ್ಸ್ ದೇಶದಲ್ಲಿ ಇದರ ಹೆಸರು ‘ಕಾಕ್ ಓ ವ್ಯಾಂ’. ಎಂದರೆ ವೈನಿನಲ್ಲಿ ಬೇಯಿಸಿದ ಹುಂಜ. ಮೂಲದಲ್ಲಿ ಇದು ರೈತರ ಅಡಿಗೆ. ಮುದಿ ಹುಂಜದ ಗಟ್ಟಿ ಮಾಂಸವನ್ನು ತಮ್ಮ ತೋಟದ ದ್ರಾಕ್ಷಿಯ ಮದ್ಯದಲ್ಲಿ ಹುದುಗಿಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಮೃದು ಮಾಡಿಕೊಳ್ಳುವ ಉಪಾಯ. ಹಳ್ಳಿಯ ಹುಂಜ, ಹುಳಿಯಾದ ದ್ರಾಕ್ಷಿರಸ, ತಾಳ್ಮೆಯ ಉರಿ: ಈ ಮೂರೂ ನಮ್ಮ ಬಂಡೆಗಳ ನಾಡಿಗೆ ಹೊಸವಲ್ಲ.

ಮೊದಲು ಹುಂಜದ ವಿಷಯ. ಕನಕಪುರದ ಕಡೆಗೆ ಹೊರಳಿದರೆ ಅರ್ಕಾವತಿಯ ಬಯಲು, ಹಿಪ್ಪುನೇರಳೆಯ ತೋಟಗಳು, ರಾಗಿಯ ಹೊಲಗಳು. ಇನ್ನೂ ತೆಂಕಣಕ್ಕೆ ಇಳಿದರೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮ, ಅದರಾಚೆ ಮೇಕೆದಾಟು. ಈ ಸೀಮೆಯ ಹಳ್ಳಿಗಳ ಹಿತ್ತಿಲಲ್ಲಿ ಮೇಯ್ದು ಬೆಳೆದ ನಾಟಿ ಕೋಳಿಯೇ ಬಾಡೂಟದ ಜೀವ. ಮುದ್ದೆಯೂ ನಾಟಿ ಕೋಳಿಯ ಸಾರೂ ಕೂಡಿದರೆ ಒಕ್ಕಲು ಮನೆಯಲ್ಲಿ ಅದಕ್ಕಿಂತ ದೊಡ್ಡ ಸತ್ಕಾರವಿಲ್ಲ. ಹೆದ್ದಾರಿಯ ಮಿಲಿಟರಿ ಹೋಟಲುಗಳು ಹೆಸರು ಗಳಿಸಿರುವುದೂ ಇದರಿಂದಲೇ. ಓಡಾಡಿ, ಕೆದಕಿ, ಹಾರಿ ಬೆಳೆದ ಹಕ್ಕಿಯ ಸ್ನಾಯು ಬಿಗಿಯಾಗಿರುವುದು. ಕೀಲುಗಳ ಸುತ್ತ ನಾರು ಹೆಚ್ಚು. ಈ ನಾರು ತೇವದ ಸಣ್ಣ ಶಾಖದಲ್ಲಿ ಬಹಳ ಹೊತ್ತು ಇದ್ದರೆ ಕರಗಿ ಅಂಟಾಗಿ ಸಾರಿಗೆ ಸೇರುವುದು. ತುಟಿಗೆ ಅಂಟುವಂಥ ಆ ಮಂದವಾದ ಸಾರನ್ನು ಆರು ವಾರಗಳ ಫಾರಂ ಕೋಳಿಯಿಂದ ಪಡೆಯುವುದು ಕಷ್ಟ. ಅದರ ಮಾಂಸವು ಬೇಗ ಬೆಂದು, ಬೇಗ ಪುಡಿಯಾಗುವುದು.

ಕೊಳ್ಳುವಾಗ ಕಾಲನ್ನೂ ಎದೆಯನ್ನೂ ನೋಡತಕ್ಕದ್ದು. ಹುಂಜದ ಕಾಲಿನ ಮುಳ್ಳು ಉದ್ದವಾಗಿ ಗಟ್ಟಿಯಾಗಿದ್ದರೆ ವಯಸ್ಸಾಗಿದೆಯೆಂದು ತಿಳಿಯಬೇಕು. ಎದೆಯ ಮೂಳೆಯ ತುದಿಯನ್ನು ಬೆರಳಿನಿಂದ ಒತ್ತಿದಾಗ ಬಾಗಿದರೆ ಎಳೆಯದು; ಬಾಗದಿದ್ದರೆ ಬಲಿತದ್ದು. ಬೇರೆ ಅಡಿಗೆಗೆ ಬಲಿತದ್ದು ದೋಷವಾದರೂ ಇಲ್ಲಿ ಅದೇ ಗುಣ.

ಎರಡನೆಯದು ದ್ರಾಕ್ಷಿ. ಚನ್ನಪಟ್ಟಣದ ಬಳಿ ಮೈಸೂರು ರಸ್ತೆಯಲ್ಲಿ ಹೆರಿಟೇಜ್ ವೈನರಿಯೆಂಬ ಮದ್ಯಶಾಲೆಯಿದೆ. ದ್ರಾಕ್ಷಿಯು ರಸವಾಗಿ, ರಸವು ಹುಳಿತು ವೈನಾಗುವ ಕ್ರಮವನ್ನು ಯಾತ್ರಿಕರಿಗೆ ಅಲ್ಲಿ ತೋರಿಸುತ್ತಾರೆ. 2023ರಲ್ಲಿ ಹೊಸ ಹೆದ್ದಾರಿಯು ತೆರೆದ ಮೇಲೆ ವಾಹನಗಳು ರಾಮನಗರ, ಚನ್ನಪಟ್ಟಣಗಳ ಪೇಟೆಯನ್ನು ಹೊಗದೆಯೇ ಹೊರಗಿನಿಂದ ಹಾದುಹೋಗುತ್ತವೆ. ಸಂತೆ, ಗೊಂಬೆ, ಊಟ ಇವುಗಳನ್ನು ಬಯಸುವವರು ಹಳೆಯ ದಾರಿಗೆ ಇಳಿಯತಕ್ಕದ್ದು.

ಬೆಂಗಳೂರಿನ ಸುತ್ತಿನ ಮನೆಗಳಿಗೆಲ್ಲ ಪರಿಚಿತವಾದ ದ್ರಾಕ್ಷಿಯೆಂದರೆ ಬೆಂಗಳೂರು ನೀಲಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಇದು ಬಹಳವಾಗಿ ಬೆಳೆಯುತ್ತದೆ. ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಇದರ ಸಿಪ್ಪೆ ದಪ್ಪ, ರಸ ಕಡುಬಣ್ಣ, ರುಚಿ ಸಿಹಿಹುಳಿ, ವಾಸನೆ ತೀಕ್ಷ್ಣ. ಇದರಿಂದ ಮಾಡಿದ ವೈನು ಬಹುಮಟ್ಟಿಗೆ ಸಿಹಿಯಾಗಿರುವುದರಿಂದ ಕುಡಿಯುವವರಿಗೆ ಹಿತವಾದರೂ ಅಡಿಗೆಗೆ ತಕ್ಕದ್ದಲ್ಲ. ಸಾರು ಬತ್ತಿದಂತೆಲ್ಲ ಸಿಹಿಯು ಏರಿ ಪಾಕದಂತಾಗುವುದು. ಶೀಷೆಯ ಮೇಲೆ ‘ಡ್ರೈ’ ಎಂದು ಬರೆದಿರುವ ಕೆಂಪು ವೈನನ್ನೇ ಆರಿಸಬೇಕು. ಬೆಲೆ ಹೆಚ್ಚಿನದು ಬೇಕಾಗಿಲ್ಲ. ಆದರೆ ಕೆಟ್ಟು ಹುಳಿತದ್ದು ಒಲೆಯ ಮೇಲೆ ಸುಧಾರಿಸುವುದೆಂದು ನಂಬಬಾರದು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮದ್ಯವೆಂದೊಡನೆ ಈ ಸೀಮೆಯ ಅನೇಕ ಹೆಂಗಸರ ಮನಸ್ಸು ಹಿಂಜರಿದರೆ ಅದು ನ್ಯಾಯವೇ. ಸಾರಾಯಿಯಿಂದ ಹಾಳಾದ ಸಂಸಾರಗಳನ್ನು ನಮ್ಮ ಹಳ್ಳಿಗಳು ಕಂಡಿವೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ಅದೇ ವರ್ಷ ಸರ್ಕಾರವು ದ್ರಾಕ್ಷಿ ಬೆಳೆಗಾರರಿಗೆ ಆಸರೆಯಾಗಲೆಂದು ವೈನ್ ನೀತಿಯನ್ನೂ ಹೊರಡಿಸಿತು. ಒಂದು ಬಾಗಿಲು ಮುಚ್ಚಿದ ವರ್ಷದಲ್ಲೇ ಇನ್ನೊಂದು ತೆರೆಯಿತು. ಆದುದರಿಂದ ಯಾವ ಮನೆಯಲ್ಲಿ ಏನು ಸಲ್ಲುವುದೆಂಬುದನ್ನು ಆ ಮನೆಯವರೇ ನಿರ್ಣಯಿಸಬೇಕು. ನಿರ್ಣಯಕ್ಕೆ ಬೇಕಾದದ್ದು ಸರಿಯಾದ ತಿಳಿವಳಿಕೆ.

ಬೇಯಿಸಿದರೆ ಮದ್ಯಸಾರವೆಲ್ಲ ಆವಿಯಾಗಿ ಹೋಗುವುದೆಂದು ಹೇಳುವ ವಾಡಿಕೆಯಿದೆ. ಇದು ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಅಡಿಗೆಯಲ್ಲಿ ಬೆರೆಸಿ ಸಣ್ಣಗೆ ಕುದಿಸಿದಾಗ ಅರ್ಧ ಗಂಟೆಯ ನಂತರ ಹಾಕಿದುದರಲ್ಲಿ ನೂರಕ್ಕೆ 35 ಪಾಲು ಉಳಿಯುವುದು. ಒಂದು ಗಂಟೆಗೆ 25, ಎರಡು ಗಂಟೆಗೆ 10, ಎರಡೂವರೆ ಗಂಟೆಗೆ 5. ಅರ್ಧ ಶೀಷೆ ವೈನಿನಲ್ಲಿ, ಎಂದರೆ 375 ಮಿಲಿಲೀಟರಿನಲ್ಲಿ, ಸುಮಾರು 47 ಮಿಲಿಲೀಟರು ಮದ್ಯಸಾರವಿರುವುದೆಂದು ಇಟ್ಟುಕೊಂಡರೆ, ಎರಡು ಗಂಟೆ ಬೆಂದ ನಾಟಿ ಹುಂಜದ ಸಾರಿನಲ್ಲಿ ಐದು ಮಿಲಿಲೀಟರಿಗಿಂತ ಕಡಿಮೆ ಉಳಿಯುವುದು. ಆರು ಮಂದಿಗೆ ಹಂಚಿದರೆ ತಲೆಗೆ ಒಂದು ಮಿಲಿಲೀಟರೂ ಬಾರದು. ಅದನ್ನೇ ಫಾರಂ ಕೋಳಿಯೊಡನೆ ಅರ್ಧ ಗಂಟೆಯಲ್ಲಿ ಮುಗಿಸಿದರೆ ಅದರ ಮೂರೂವರೆಯಷ್ಟು ಉಳಿಯುವುದು. ಪಾತ್ರೆಯ ಅಗಲ, ಉರಿಯ ಬಲಗಳಿಗೆ ತಕ್ಕಂತೆ ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು. ಆದರೆ ಪೂರ್ತಿ ಸೊನ್ನೆಯಾಗದು.

ಮದ್ಯವನ್ನು ಮುಟ್ಟದಿರುವ ಮನೆಗೆ ಬೇರೆ ದಾರಿಯುಂಟು. ಅರ್ಧ ಕಿಲೋ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಿಪ್ಪೆಸಹಿತ ಒಂದು ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಹಿಸುಕಿ, ಶೋಧಿಸಿ, ಎರಡು ದೊಡ್ಡ ಚಮಚ ನಿಂಬೆರಸವನ್ನು ಬೆರೆಸಿದರೆ ಬಣ್ಣ, ಹುಳಿ, ಸಿಪ್ಪೆಯ ಒಗರು ಮೂರೂ ದೊರೆಯುವುವು. ಸಕ್ಕರೆ ಹಾಕಬಾರದು. ವೈನಿನ ಗಾಂಭೀರ್ಯ ಬಾರದಿದ್ದರೂ ಸಾರು ಸೊಗಸಾಗಿಯೇ ಇರುವುದು. ಮೈದುವಾದ ಹಣ್ಣಿಗೆ ದರ ಬಿದ್ದ ದಿನಗಳಲ್ಲಿ ಇದು ಬೆಳೆಗಾರನಿಗೂ ಉಪಕಾರ.

ಇನ್ನು ಕ್ರಮವನ್ನು ಹೇಳೋಣ. ಒಂದೂಕಾಲು ಕಿಲೋ ತೂಕದ ಹುಂಜವನ್ನು ದೊಡ್ಡ ತುಂಡುಗಳಾಗಿ ಮಾಡಿಸಿಕೊಂಡು, ಅರ್ಧ ಶೀಷೆ ವೈನು, ಹೆಚ್ಚಿದ ಒಂದು ಗಜ್ಜರಿ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಹತ್ತು ಕಾಳು ಮೆಣಸು, ಎರಡು ಪಲಾವಿನ ಎಲೆ ಇವುಗಳೊಡನೆ ಗಾಜಿನ, ಪಿಂಗಾಣಿಯ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮುಚ್ಚಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಇಡತಕ್ಕದ್ದು. ಅಲ್ಯುಮಿನಿಯಮ್ ಮತ್ತು ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳು ಹುಳಿಗೆ ಕೂಡವು.

ಮಾರನೆಯ ದಿನ ತುಂಡುಗಳನ್ನು ತೆಗೆದು ಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಒದ್ದೆಯಾದ ಮಾಂಸ ಹುರಿಯದು, ಬೇಯುವುದು. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ, ಉಪ್ಪು ಸವರಿದ ತುಂಡುಗಳನ್ನು ನಾಲ್ಕು ನಾಲ್ಕಾಗಿ, ಒತ್ತೊತ್ತಾಗಿ ಹಾಕದೆ, ಕೆಂಪಗೆ ಹುರಿದು ತೆಗೆದಿಡಬೇಕು. ಅದೇ ತುಪ್ಪದಲ್ಲಿ ಹದಿನೈದು ಸಾಂಬಾರ ಈರುಳ್ಳಿಗಳನ್ನು ಇಡಿಯಾಗಿ ಹುರಿದು, ನೆನೆಸಿದ ವೈನನ್ನು ತರಕಾರಿಯೊಡನೆ ಸುರಿದು, ತಳಕ್ಕೆ ಅಂಟಿದ ಕಂದುಬಣ್ಣದ ಸಾರವನ್ನೆಲ್ಲ ಮರದ ಸೌಟಿನಿಂದ ಕೆರೆದು ಬಿಡಿಸಬೇಕು. ಹೋಟಲಿನ ಸಾರಿನ ರುಚಿಯೆಂಬುದು ಬಹುಪಾಲು ಈ ಕೆರೆತದಲ್ಲಿದೆ. ಸೌಟು ಬಣ್ಣವಿಲ್ಲದ ಮರದ್ದಾಗಿರಲಿ. ಚನ್ನಪಟ್ಟಣದ ಕುಶಲಿಗಳು ಆಲೆ ಮರವನ್ನು ಚರಕಿಯಲ್ಲಿ ತಿರುಗಿಸಿ, ಉಜ್ಜಿದ ಕಾವಿನಿಂದಲೇ ಅರಗನ್ನು ಕರಗಿಸಿ ಬಣ್ಣವೇರಿಸುತ್ತಾರೆ. ಕಾವಿಗೆ ಹಿಡಿದ ಬಣ್ಣ ಕಾವಿಗೇ ಬಿಡುವುದು. ಆ ಚೆಂದದ ಸಾಮಾನು ಶೋಭೆಗೆ ಮತ್ತು ಒಣ ಪದಾರ್ಥಕ್ಕೆ ಇರಲಿ.

ವೈನನ್ನು ಮುಚ್ಚದೆ ಐದು ನಿಮಿಷ ಕುದಿಸಿದರೆ ಹಸಿ ವಾಸನೆ ಕುಗ್ಗುವುದು. ಬಳಿಕ ಮಾಂಸವನ್ನೂ, ಕೋಳಿಯ ಕತ್ತು ಮೂಳೆಗಳನ್ನು ಬೇಯಿಸಿದ ಎರಡು ಲೋಟ ನೀರನ್ನೂ ಹಾಕಿ, ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು, ಗುಳ್ಳೆಯೊಂದೊಂದಾಗಿ ಏಳುವಷ್ಟೇ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬಿಡತಕ್ಕದ್ದು. ನೀರು ಬತ್ತಿದರೆ ಬಿಸಿನೀರನ್ನೇ ಹಾಕಬೇಕು. ಪ್ರೆಶರ್ ಕುಕ್ಕರಿನಿಂದ ಹೊತ್ತು ಉಳಿಯುವುದು ನಿಜ. ಆದರೆ ಸಾರು ಬತ್ತದೆ ತೆಳ್ಳಗಾಗುವುದು, ಮದ್ಯದ ಆವಿಗೂ ಹೊರದಾರಿಯಿಲ್ಲ.

ಮಾಂಸ ಮೂಳೆಯಿಂದ ಸಡಿಲವಾದಾಗ ತುಂಡುಗಳನ್ನು ತೆಗೆದಿಟ್ಟು, ಸಾರನ್ನು ಜೋರಾಗಿ ಕುದಿಸಿ ಮೂರರಲ್ಲೊಂದು ಪಾಲು ಬತ್ತಿಸಬೇಕು. ಒಂದೂವರೆ ಚಮಚ ಮೈದಾ ಹಿಟ್ಟನ್ನು ಅಷ್ಟೇ ಬೆಣ್ಣೆಯಲ್ಲಿ ನಾದಿ, ಚೂರು ಚೂರಾಗಿ ಸಾರಿಗೆ ಹಾಕಿ ಕಲಕಿದರೆ ಗಂಟಾಗದೆ ಮಂದವಾಗುವುದು. ಬೇರೆಯಾಗಿ ಬೆಣ್ಣೆಯಲ್ಲಿ ಹುರಿದ ಇನ್ನೂರು ಗ್ರಾಮು ಅಣಬೆಯನ್ನು ಸೇರಿಸಿ, ಮಾಂಸವನ್ನು ಹಿಂದಿರುಗಿಸಿ, ಐದು ನಿಮಿಷ ಕಾವು ತೋರಿಸಿ ಇಳಿಸತಕ್ಕದ್ದು. ಹುಳಿ ಹೆಚ್ಚೆನಿಸಿದರೆ ಚಿಟಿಕೆ ಬೆಲ್ಲ ಸಾಕು. ಹೊತ್ತು ಕಳೆದಂತೆ ರುಚಿ ಕೂಡಿಬರುವುದರಿಂದ ಬೆಳಗ್ಗೆ ಮಾಡಿ ಸಂಜೆಗೆ ಬಿಸಿ ಮಾಡಿ ಬಡಿಸುವುದು ಇನ್ನೂ ಉತ್ತಮ.

ಬಡಿಸುವುದು ಯಾವುದರೊಡನೆ? ಫ್ರೆಂಚರು ರೊಟ್ಟಿ ಆಲೂಗೆಡ್ಡೆಗಳನ್ನು ಇಟ್ಟುಕೊಳ್ಳುತ್ತಾರೆ. ಇದಕ್ಕೆ ಉತ್ತರವನ್ನು ಮಾಗಡಿಯಲ್ಲಿ ಕೇಳಬೇಕು. ಕೆಂಪೇಗೌಡರ ವಂಶದವರು ಆಳಿದ ಊರು ಅದು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯು ಮುತ್ತಿಗೆ ಹಾಕಿ ಹಿಡಿದ ಸಾವನದುರ್ಗವು ಅಲ್ಲಿಗೆ ಸಮೀಪದಲ್ಲಿದೆ. ಆ ಏಕಶಿಲೆಯ ಬುಡದ ಹೊಲಗಳಲ್ಲಿ ರಾಗಿ ಬೆಳೆಯುತ್ತದೆ. ಚಳಿಗಾಲದಲ್ಲಿ ಮಾಗಡಿಯ ಅವರೆಯು ಬೆಂಗಳೂರಿನ ಪೇಟೆಗೆ ಬರುತ್ತದೆ. ಬಿಸಿ ರಾಗಿ ಮುದ್ದೆಯನ್ನು ಮುರಿದು ಈ ಕೆಂಗಪ್ಪು ಸಾರಿನಲ್ಲಿ ಅದ್ದಿದರೆ, ಮುದ್ದೆಯ ಮಣ್ಣಿನ ಸೊಗಡು ವೈನಿನ ಹುಳಿಗೆ ಎದುರಾಗಿ ನಿಂತು ಎರಡನ್ನೂ ಹದಕ್ಕೆ ತರುವುದು. ಎಳೆಯ ಅವರೆಕಾಳನ್ನು ಬೇಯಿಸಿ ಬೆಣ್ಣೆಯಲ್ಲಿ ಬಾಡಿಸಿ ಪಕ್ಕದಲ್ಲಿಟ್ಟರೆ ಊಟ ಪೂರ್ಣವಾಗುವುದು.

ಕಡೆಯದಾಗಿ ಗೃಹಸ್ಥಧರ್ಮದ ಒಂದು ಮಾತು. ಈ ಅಡಿಗೆಯನ್ನು ಬಡಿಸುವ ಮೊದಲು, ಇದರಲ್ಲಿ ವೈನಿದೆಯೆಂದು ಪಂಕ್ತಿಯಲ್ಲಿ ಕುಳಿತವರಿಗೆಲ್ಲ ತಿಳಿಸತಕ್ಕದ್ದು. ವ್ರತದವರು, ಔಷಧ ಸೇವಿಸುವವರು, ಗರ್ಭಿಣಿಯರು, ಕುಡಿತವನ್ನು ಪ್ರಯತ್ನದಿಂದ ಬಿಟ್ಟವರು, ಎಳೆಯ ಮಕ್ಕಳು ಇವರಿಗಾಗಿ ದ್ರಾಕ್ಷಿರಸದಲ್ಲಿ ಮಾಡಿದ ಇನ್ನೊಂದು ಪಾತ್ರೆಯಿರಲಿ. ಹೋಟಲಿನವನು ಕೇಳಿದವರಿಗೆ ಮಾತ್ರ ಹೇಳುತ್ತಾನೆ. ಮನೆಯವರು ಕೇಳದವರಿಗೂ ಹೇಳಬೇಕು.